ಹಳೆಯ ಆಕ್ಟೇವಿಯಾ ಆರ್‌ಎಸ್ ಆಯಿಲ್ ಕುಡಿಯುತ್ತಿದೆ: ಟರ್ಬೊ ಬದಲಿಸಬೇಕೋ, ಎಂಜಿನ್ ಇಳಿಸಬೇಕೋ?

ಪ್ರಶ್ನೆ: ಪುತ್ತೂರು_ಆರ್‌ಎಸ್

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ. 1.8 ಲೀಟರ್, 20 ವಾಲ್ವ್, 150 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಎಂಜಿನ್. ಓಡಿರುವುದು 1,48,000 ಕಿಲೋಮೀಟರ್. ಎರಡು ವರ್ಷದ ಹಿಂದೆ ಕೈಬದಲಾಗಿ ನನಗೆ ಬಂದಿತು. ಕಾಲೇಜಿನಲ್ಲಿದ್ದಾಗ ಇದರ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿದ್ದೆ. ಆದ್ದರಿಂದ ಇದನ್ನು ಗುಜರಿಗೆ ಹಾಕುವ ಅಥವಾ ಮಾರಿಬಿಡುವ ಸಲಹೆಯನ್ನು ದಯವಿಟ್ಟು ಕೊಡಬೇಡಿ.

ತೊಂದರೆ ಹೀಗಿದೆ. ನಾನು ಬೆಂಗಳೂರಿನಲ್ಲಿದ್ದೇನೆ, ಮನೆಯವರು ಪುತ್ತೂರಿನಲ್ಲಿ. ತಿಂಗಳಿಗೊಮ್ಮೆ ಶಿರಾಡಿ ಘಾಟಿಯ ಮೂಲಕ ಹೋಗಿಬರುತ್ತೇನೆ. ಎರಡೂ ಕಡೆ ಸೇರಿ ಸುಮಾರು 650 ಕಿಲೋಮೀಟರ್ ಆಗುತ್ತದೆ. ಕಳೆದ ಆರು ತಿಂಗಳಿಂದ ಪ್ರತಿ ಸಲ ಹಿಂತಿರುಗಿದಾಗಲೂ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಕೆಳಗಿನ ಗುರುತಿನ ಹತ್ತಿರ ಇರುತ್ತದೆ. ಕಾರು ನಿಲ್ಲಿಸುವ ಜಾಗದಲ್ಲಿ ನೆಲಕ್ಕೆ ಒಂದು ತೊಟ್ಟೂ ಬೀಳುವುದಿಲ್ಲ. ಕೂಲಂಟ್ ಕಡಿಮೆಯಾಗುವುದಿಲ್ಲ, ಅದರ ಬಣ್ಣವೂ ಸರಿಯಿದೆ. ಹಿಂದೆ ಬರುತ್ತಿದ್ದ ಗೆಳೆಯರೊಬ್ಬರು ಘಾಟಿಯಲ್ಲಿ ನೀಲಿ ಹೊಗೆ ಕಂಡಿತು ಎಂದರು, ಆದರೆ ಏರಿನಲ್ಲೋ ಇಳಿಜಾರಿನಲ್ಲೋ ಎಂಬುದು ಅವರಿಗೂ ನೆನಪಿಲ್ಲ. ಇದರ ಜೊತೆಗೆ ಸಿಗ್ನಲ್‌ನಲ್ಲಿ ನಿಂತಾಗ ಐಡ್ಲಿಂಗ್ ಸಣ್ಣಗೆ ನಡುಗುತ್ತದೆ. ಸ್ಕ್ಯಾನರ್ ಹಾಕಿದಾಗ P0303 ಮತ್ತು P1136 ಎಂಬ ಎರಡು ಕೋಡ್‌ಗಳು ಬಂದವು.

ಮೊದಲು ತೋರಿಸಿದ ಗ್ಯಾರೇಜಿನವರು ಟರ್ಬೊದ ಹೋಸ್ ಬಿಚ್ಚಿ, ಒಳಗೆ ಆಯಿಲ್ ಪಸೆ ಇರುವುದನ್ನು ತೋರಿಸಿ, ಟರ್ಬೊ ಹೋಗಿದೆ ಎಂದರು. ಎರಡನೆಯವರು ಏನನ್ನೂ ಬಿಚ್ಚದೆ, ಸೈಲೆನ್ಸರ್ ತುದಿಯನ್ನು ಬೆರಳಿನಿಂದ ಒರೆಸಿ ನೋಡಿ, ಎಂಜಿನ್ ಇಳಿಸಿ ಕೆಲಸ ಮಾಡಬೇಕಾಗಿದೆ ಎಂದರು. ಅಲ್ಲಿಯವರೆಗೆ ಓಡಲಿ ಎಂದು 20ಡಬ್ಲ್ಯು-50 ಎಂಬ ದಪ್ಪ ಆಯಿಲ್ ಹಾಕಿ ಕಳಿಸಿದರು. ಹಿಂದಿನ ಮಾಲೀಕರ ಸರ್ವಿಸ್ ದಾಖಲೆ 1,10,000 ಕಿಲೋಮೀಟರಿಗೆ ನಿಂತುಹೋಗಿದೆ, ಆಮೇಲೆ ಯಾವ ಆಯಿಲ್ ಹಾಕಿದ್ದರೋ ಗೊತ್ತಿಲ್ಲ. ಎರಡೂ ಕೆಲಸ ಮಾಡಿಸುವಷ್ಟು ಹಣ ಈಗ ನನ್ನಲ್ಲಿಲ್ಲ. ಒಂದನ್ನು ಆರಿಸಬೇಕೆಂದರೆ ಯಾವುದು?

ಉತ್ತರ: ಬ್ರೀದರ್_ಭಟ್ಟ

ಈಗಲೇ ಎರಡನ್ನೂ ಆರಿಸಬೇಡಿ. ನೀವು ಬರೆದಿರುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಳಿವು ಹೊಗೆಯೂ ಅಲ್ಲ, ಹೋಸಿನ ಪಸೆಯೂ ಅಲ್ಲ. P1136 ಎಂಬ ಆ ಕೋಡ್. ಎರಡೂ ಗ್ಯಾರೇಜಿನವರು ಅದನ್ನು ಬದಿಗಿಟ್ಟಿದ್ದಾರೆಂದು ಕಾಣುತ್ತದೆ.

ಇಂಧನದ ತಿದ್ದುಪಡಿಯನ್ನು ಈ ಎಂಜಿನ್‌ನ ಕಂಪ್ಯೂಟರ್ ಎರಡು ಲೆಕ್ಕಗಳಲ್ಲಿ ಇಟ್ಟುಕೊಳ್ಳುತ್ತದೆ: ಐಡ್ಲಿಂಗ್‌ನಲ್ಲಿ ಕೂಡಿಸುವ ಲೆಕ್ಕ, ಲೋಡ್ ಬಿದ್ದಾಗ ಗುಣಿಸುವ ಲೆಕ್ಕ. P1136 ಮೊದಲನೆಯದಕ್ಕೆ ಸೇರಿದ್ದು. ಐಡ್ಲಿಂಗ್‌ನಲ್ಲಿ ಮಿಶ್ರಣ ತೆಳುವಾಗಿದೆ, ಅಂದರೆ ಒಳಬರುವ ಗಾಳಿಯನ್ನು ಅಳೆಯುವ ಏರ್ ಮಾಸ್ ಮೀಟರ್ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ ಎಂದು ಅರ್ಥ. ಬರೀ ಟರ್ಬೊ ಸೀಲ್ ಹೋದರೆ ಈ ಕೋಡ್ ಬರುವುದಿಲ್ಲ, ಬರೀ ಪಿಸ್ಟನ್ ರಿಂಗ್ ಸವೆದರೂ ಬರುವುದಿಲ್ಲ. ಆದರೆ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಭಾಗದ, ಅನಿಲವನ್ನು ಹೊರಬಿಡುವ ಬ್ರೀದರ್ ಪೈಪು ಒಡೆದರೆ ಬರುತ್ತದೆ, ಮತ್ತು ಆಯಿಲ್ ಕುಡಿಯುವುದಕ್ಕೂ ಅದೇ ಬ್ರೀದರ್ ವ್ಯವಸ್ಥೆ ಕಾರಣವಾಗಬಲ್ಲದು. ಎರಡು ತೊಂದರೆಗೆ ಒಂದೇ ಮೂಲ ಇರುವ ಸಾಧ್ಯತೆಯನ್ನು ಮೊದಲು ನೋಡಬೇಕು, ಅದರಲ್ಲೂ ಆ ಮೂಲ ಕೆಲವು ರಬ್ಬರ್ ತುಂಡುಗಳಷ್ಟೇ ಆಗಿರುವಾಗ.

ಇದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಿಸ್ಟನ್ ರಿಂಗ್ ಎಷ್ಟೇ ಹೊಸದಾಗಿದ್ದರೂ ಒಂದಿಷ್ಟು ಅನಿಲ ಅದನ್ನು ದಾಟಿ ಕೆಳಗೆ ಸಂಪ್‌ಗೆ, ಅಂದರೆ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಆ ಅನಿಲವು ಆಯಿಲ್ ಫಿಲ್ಟರ್ ಹೌಸಿಂಗ್‌ನ ಮೇಲಿಂದ ಮತ್ತು ವಾಲ್ವ್ ಕವರ್‌ನಿಂದ ಹೊರಟು, ಒಂದು ಪೈಪಿನಲ್ಲಿ ಕೂಡಿ, ಮತ್ತೆ ಎಂಜಿನ್ನಿನ ಉಸಿರಿಗೇ ಸೇರುತ್ತದೆ. ಐಡ್ಲಿಂಗ್‌ನಲ್ಲಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಅದನ್ನು ಎಳೆದುಕೊಳ್ಳುತ್ತದೆ. ಟರ್ಬೊ ಒತ್ತಡ ಏರಿದಾಗ ಮ್ಯಾನಿಫೋಲ್ಡ್‌ನೊಳಗೆ ಎಳೆತವಿರುವುದಿಲ್ಲ, ಒತ್ತಡವಿರುತ್ತದೆ. ಆಗ ಒಂದೇ ದಿಕ್ಕಿಗೆ ಗಾಳಿ ಬಿಡುವ ಒಂದು ಚೆಕ್ ವಾಲ್ವ್ ಮುಚ್ಚಿಕೊಂಡು ಅನಿಲವನ್ನು ಟರ್ಬೊದ ಮುಂದಿನ ಪೈಪಿಗೆ ತಿರುಗಿಸುತ್ತದೆ. ಈ ಚೆಕ್ ವಾಲ್ವ್ ಮುಚ್ಚದೆ ಹೋದರೆ ಟರ್ಬೊ ತಳ್ಳಿದ ಗಾಳಿ ನೇರವಾಗಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ.

ಟರ್ಬೊದ ಮೇಲೆ ಅಪವಾದ ಬರುವುದು ಇಲ್ಲಿಯೇ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ದಂಡಕ್ಕೆ ನಾವು ನಲ್ಲಿಯಲ್ಲಿ ನೋಡುವಂಥ ಬಿಗಿಯಾದ ಸೀಲ್ ಇರುವುದಿಲ್ಲ. ಇರುವುದು ಪಿಸ್ಟನ್ ರಿಂಗಿನಂಥ ಒಂದು ಸಣ್ಣ ಉಂಗುರ ಮತ್ತು ಎರಡೂ ಬದಿಯ ಒತ್ತಡದ ವ್ಯತ್ಯಾಸ. ಒತ್ತಡದಿಂದ ಒಳಗೆ ಬಂದ ಆಯಿಲ್ ತನ್ನ ಭಾರದಿಂದಲೇ ರಿಟರ್ನ್ ಪೈಪಿನಲ್ಲಿ ಕೆಳಗಿಳಿದು ಸಂಪ್ ಸೇರಬೇಕು. ಸಂಪ್‌ನಲ್ಲಿ ಒತ್ತಡ ತುಂಬಿದ್ದರೆ ಅಥವಾ ರಿಟರ್ನ್ ಪೈಪಿನಲ್ಲಿ ಸುಟ್ಟ ಆಯಿಲ್ ಕಟ್ಟಿಕೊಂಡಿದ್ದರೆ ಅದು ಇಳಿಯಲಾರದೆ ಉಂಗುರವನ್ನು ದಾಟಿ ಹೊರಬರುತ್ತದೆ. ಆ ಸ್ಥಿತಿಯಲ್ಲಿ ಹೊಚ್ಚ ಹೊಸ ಟರ್ಬೊ ಹಾಕಿದರೂ ಅದು ಮರುದಿನವೇ ಹೊಗೆ ಬಿಡುತ್ತದೆ.

ಹೋಸಿನಲ್ಲಿ ತೆಳುವಾದ ಪಸೆ ಇರುವುದು ಈ ಎಂಜಿನ್ನಿಗೆ ಸಹಜ, ಬ್ರೀದರ್‌ನ ಆವಿ ಅದೇ ದಾರಿಯಲ್ಲಿ ಹೋಗುತ್ತದಲ್ಲ. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿ ಬಗ್ಗಿಸಿದಾಗ ಆಯಿಲ್ ಸುರಿದರೆ ಮಾತ್ರ ಚಿಂತಿಸಿ. ಟರ್ಬೊ ದಂಡವನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ: ಮೇಲೆ ಕೆಳಗೆ ತುಸು ಆಡಬಹುದು, ಏಕೆಂದರೆ ಅದರ ಬೇರಿಂಗ್ ಆಯಿಲ್ ಪದರದ ಮೇಲೆ ತೇಲುವಂಥದ್ದು, ಹಿಂದೆ ಮುಂದೆ ಆಡಬಾರದು, ರೆಕ್ಕೆ ಗೋಡೆಗೆ ತಾಗಿದ ಗೀರು ಇರಬಾರದು.

ಇನ್ನು ಮಾಡಬೇಕಾದದ್ದು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಡಿ. ಅದು ಸಣ್ಣಗೆ ಒಳಗೆ ಎಳೆದುಕೊಳ್ಳಬೇಕು, ಉಬ್ಬಿ ಮೇಲೇಳಬಾರದು. ಚೆಕ್ ವಾಲ್ವ್ ಬಿಚ್ಚಿ ಬಾಯಿಯಿಂದ ಊದಿ. ಮ್ಯಾನಿಫೋಲ್ಡ್ ಕಡೆಗೆ ಮಾತ್ರ ಗಾಳಿ ಹೋಗಬೇಕು. ಮ್ಯಾನಿಫೋಲ್ಡ್ ಕೆಳಗಿನ ಪೈಪುಗಳು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಪೈಪುಗಳಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ. P0303 ಎಂದರೆ ಮೂರನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ; ಅದಕ್ಕೆ ಆ ಸಿಲಿಂಡರಿನ ಇಗ್ನಿಷನ್ ಕಾಯಿಲ್ ಅನ್ನು ಒಂದನೆಯದಕ್ಕೆ ಹಾಕಿ ನೋಡಿ. ಕೋಡ್ P0301 ಆದರೆ ಕಾಯಿಲ್ ತಪ್ಪು. ಆಗದಿದ್ದರೆ ಸ್ಪಾರ್ಕ್ ಪ್ಲಗ್ ಅನ್ನು ಅದೇ ರೀತಿ ಬದಲಿಸಿ ನೋಡಿ.

ಕೊನೆಯದಾಗಿ 20ಡಬ್ಲ್ಯು-50 ತೆಗೆದುಬಿಡಿ. ಈ ಎಂಜಿನ್ನಿಗೆ ಬೇಕಾದದ್ದು ಫೋಕ್ಸ್‌ವ್ಯಾಗನ್ 502.00 ದರ್ಜೆಯ ಸಿಂಥೆಟಿಕ್, 5ಡಬ್ಲ್ಯು-40. ಸಂಪ್ ಬಿಚ್ಚಿ, ಪಂಪಿಗೆ ಆಯಿಲ್ ಎಳೆದುಕೊಳ್ಳುವ ಪಿಕಪ್‌ನ ಜಾಲರಿಯನ್ನೂ ನೋಡಿಸಿ. ಅಗ್ಗದ ಆಯಿಲ್ ಬಹಳ ಕಾಲ ಓಡಿದ್ದರೆ ಜಾಲರಿಗೆ ಕಪ್ಪು ಮಡ್ಡಿ ಮೆತ್ತಿಕೊಂಡಿರುತ್ತದೆ. ದಯವಿಟ್ಟು ಬಾಟಲಿಯಲ್ಲಿ ಸಿಗುವ ಎಂಜಿನ್ ಫ್ಲಶ್ ಸುರಿಯಬೇಡಿ, ಸಡಿಲವಾದ ಮಡ್ಡಿಯೆಲ್ಲ ಹೋಗಿ ಅದೇ ಜಾಲರಿಯನ್ನು ಮುಚ್ಚುತ್ತದೆ. ಕೆಂಪು ಆಯಿಲ್ ದೀಪ ಒಂದು ಕ್ಷಣ ಹೊತ್ತಿಕೊಂಡರೂ ಅಲ್ಲಿಯೇ ಎಂಜಿನ್ ಆರಿಸಿ, ಮನೆಯವರೆಗೆ ಹೋಗಿಬಿಡೋಣ ಎನ್ನಬೇಡಿ.

ಉತ್ತರ: ಎರಡು_ಟರ್ಬೊ

ಮೇಲಿನ ಮಾತಿಗೆ ನನ್ನ ಅನುಭವವೇ ಸಾಕ್ಷಿ. ನನ್ನದೂ ಇದೇ ಕಾರು, ಹುಬ್ಬಳ್ಳಿಯಲ್ಲಿದೆ. ಹೊಗೆ ಬಂದಾಗ ಒಂದು ಗ್ಯಾರೇಜಿನವರು ಟರ್ಬೊ ಬದಲಿಸಿದರು. ನಾಲ್ಕು ತಿಂಗಳಲ್ಲಿ ಅದೂ ಹೊಗೆ ಬಿಟ್ಟಿತು, ಎರಡನೆಯದನ್ನು ಹಾಕಿದರು. ಅದೂ ಬಿಟ್ಟಾಗ ಬೇರೆಯವರ ಬಳಿ ಬಿಚ್ಚಿಸಿದೆ. ಆಯಿಲ್ ಫೀಡ್ ಪೈಪನ್ನು ಎರಡು ಸಲವೂ ಹಳೆಯದನ್ನೇ ಬಳಸಿದ್ದರು. ಅದು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಕಾವಿಗೆ ಹತ್ತಿರದಲ್ಲಿ ಹಾದುಹೋಗುವ ಪೈಪು. ಒಳಗೆ ಸುಟ್ಟ ಆಯಿಲ್ ಕಲ್ಲಿನಂತೆ ಗಟ್ಟಿಯಾಗಿ, ಸೈಕಲ್ ಚಕ್ರದ ಕಡ್ಡಿ ತೂರಿಸಿದರೂ ಆಚೆಗೆ ಹೋಗಲಿಲ್ಲ. ಬೇರಿಂಗ್‌ಗೆ ಆಯಿಲ್ಲೇ ತಲುಪುತ್ತಿರಲಿಲ್ಲ. ಟರ್ಬೊ ಬದಲಿಸಲೇಬೇಕಾಗಿ ಬಂದರೆ ಫೀಡ್ ಪೈಪು, ರಿಟರ್ನ್ ಪೈಪು, ವಾಷರ್‌ಗಳು ಇವೆಲ್ಲ ಹೊಸದಾಗಿರಲಿ ಎಂದು ಬರೆಸಿಕೊಂಡೇ ಕೆಲಸ ಕೊಡಿ.

ಉತ್ತರ: ಹೆಡ್_ಕೆಲಸ_ಶಿವಮೊಗ್ಗ

ನಾನು ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನ ಕೆಲಸವನ್ನೇ ಬಹುಕಾಲ ಮಾಡಿಕೊಂಡು ಬಂದವನು. ಬ್ರೀದರ್ ನೋಡುವುದು ಸರಿ, ಆದರೆ ಎಲ್ಲ ತಪ್ಪನ್ನೂ ಬ್ರೀದರ್ ಮೇಲೆ ಹಾಕುವುದನ್ನು ನಾನು ಒಪ್ಪಲಾರೆ. ವಾಲ್ವ್ ದಂಡದ ಮೂಲಕ ಆಯಿಲ್ ಕೆಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್ ಇಷ್ಟು ವರ್ಷದ ಮೇಲೆ ರಬ್ಬರಾಗಿ ಉಳಿದಿರುವುದಿಲ್ಲ. ಬಿಚ್ಚಿ ಹಿಂಡಿದರೆ ಒಣ ಹುಣಸೆ ಸಿಪ್ಪೆಯಂತೆ ಪುಡಿಯಾಗುತ್ತದೆ. ಈ ಎಂಜಿನ್ನಿನಲ್ಲಿ ಸಿಲಿಂಡರಿಗೆ ಐದು ವಾಲ್ವ್, ಒಟ್ಟು 20 ಸೀಲ್.

ನಿಮಗೆ ದೊಡ್ಡ ಅನುಕೂಲವೊಂದಿದೆ, ತಿಂಗಳಿಗೊಮ್ಮೆ ಶಿರಾಡಿ ಘಾಟಿ ಹತ್ತಿ ಇಳಿಯುತ್ತೀರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಗ್ಯಾರೇಜಿನಲ್ಲೂ ಇಲ್ಲ. ಸಕಲೇಶಪುರ ದಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಲರೇಟರ್ ಪೂರ್ತಿ ಬಿಟ್ಟು ಒಂದೆರಡು ಕಿಲೋಮೀಟರ್ ಬನ್ನಿ. ಥ್ರಾಟಲ್ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಅತಿ ಹೆಚ್ಚಾಗಿ, ಸವೆದ ಸೀಲ್ ಇದ್ದರೆ ಹೆಡ್‌ನಿಂದ ಆಯಿಲ್ ಒಳಗೆ ಇಳಿದು ಕೂಡಿಕೊಳ್ಳುತ್ತದೆ. ಗುಂಡ್ಯದ ಹತ್ತಿರ ರಸ್ತೆ ಸಮವಾದೊಡನೆ ಒಮ್ಮೆ ಆಕ್ಸಲರೇಟರ್ ಒತ್ತಿ. ಆಗ ನೀಲಿ ಹೊಗೆಯ ಒಂದು ಉಂಡೆ ಬಂದು ನಿಂತುಹೋದರೆ ವಾಲ್ವ್ ಸೀಲ್ ಅಥವಾ ವಾಲ್ವ್ ದಂಡ ಜಾರುವ ಕೊಳವೆಯಾದ ಗೈಡ್. ಮರಳಿ ಬರುವಾಗ ಏರಿನಲ್ಲಿ ಟರ್ಬೊ ಒತ್ತಡ ಸತತವಾಗಿರುತ್ತದೆ. ಆಗ ತೆಳುವಾದ ಹೊಗೆ ಎಡೆಬಿಡದೆ ಬಂದರೆ ರಿಂಗ್ ಅಥವಾ ಬ್ರೀದರ್. ಐಡ್ಲಿಂಗ್‌ನಲ್ಲಿ ಐದು ನಿಮಿಷ ನಿಂತ ಮೇಲೆ ಹೊಗೆ ಕಾಣಿಸಿ, ರೇಸ್ ಮಾಡಿದಾಗ ದಟ್ಟವಾದರೆ ಟರ್ಬೊದ ಬಿಸಿ ಬದಿಯನ್ನು, ಅಂದರೆ ಎಕ್ಸಾಸ್ಟ್ ಕಡೆಯನ್ನು, ಶಂಕಿಸಬಹುದು. ಹಿಂದಿನ ಕಾರಿನಲ್ಲಿ ಯಾರಾದರೂ ಕುಳಿತು ಮೊಬೈಲಿನಲ್ಲಿ ಚಿತ್ರೀಕರಿಸಲಿ.

ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬುದನ್ನು ನೋಡಿಸಿ. ಎಂಜಿನ್ ಬಿಸಿಯಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಕಳಚಿರಬೇಕು. ಈ ಎಂಜಿನ್ನಿಗೆ ಸವಕಳಿಯ ಮಿತಿ 7 ಬಾರ್, ಅದಕ್ಕಿಂತ ಕೆಳಗೆ ಹೋಗಬಾರದು. ಸಿಲಿಂಡರ್‌ಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಅಲ್ಲಿ ಗಾಳಿಯೇ ತೆಳು. ಮಂಗಳೂರಿನಲ್ಲಿ ಬರುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ ಬರುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ.

ಒಂದು ಎಚ್ಚರಿಕೆ. ಕಂಪ್ರೆಷನ್ ಚೆನ್ನಾಗಿ ಬಂದರೆ ರಿಂಗ್ ಚೆನ್ನಾಗಿದೆ ಎಂದು ಪೂರ್ತಿ ನಂಬುವಂತಿಲ್ಲ. ಒತ್ತಡ ಹಿಡಿಯುವುದು ಮೇಲಿನ ಎರಡು ರಿಂಗ್‌ಗಳು. ಆಯಿಲ್ ಒರೆಸುವ ಮೂರನೆಯದು ಕಿಟ್ಟ ಕಟ್ಟಿ ತನ್ನ ತೋಡಿನಲ್ಲೇ ಅಂಟಿಕೊಂಡಿದ್ದರೂ ಮೀಟರ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಅದಕ್ಕಾಗಿಯೇ ಮೀಟರಿನ ಜೊತೆಗೆ ನಾಲ್ಕು ಪ್ಲಗ್‌ಗಳನ್ನೂ ಒಂದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡಬೇಕು. ನಾಲ್ಕೂ ಸಮನಾಗಿ ಕಪ್ಪಾಗಿದ್ದರೆ ಎಲ್ಲಕ್ಕೂ ಸೇರಿದ ಕಾರಣವನ್ನು ಹುಡುಕಿ. ಒಂದೇ ಒಂದು ಒದ್ದೆಯಾಗಿದ್ದರೆ ಆ ಸಿಲಿಂಡರನ್ನು ಹಿಡಿಯಿರಿ.

ಪ್ರಶ್ನೆ ಕೇಳಿದವರ ಮರುಬರಹ: ಪುತ್ತೂರು_ಆರ್‌ಎಸ್

ಮೂವರಿಗೂ ಮನಃಪೂರ್ವಕ ವಂದನೆಗಳು. ಏಳು ವಾರಗಳಾದವು, ನೀವು ಹೇಳಿದ್ದನ್ನು ಒಂದೊಂದಾಗಿ ಮಾಡಿದ್ದೇನೆ.

ಮೊದಲು ಆಯಿಲ್ ಎಷ್ಟು ಹೋಗುತ್ತಿದೆ ಎಂಬುದನ್ನೇ ಸರಿಯಾಗಿ ಅಳೆದೆ. ಡಿಪ್‌ಸ್ಟಿಕ್ಕಿನ ಅಂದಾಜು ಸಾಲದೆಂದು ಟಾಪ್‌ಅಪ್ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಅಪಾರ್ಟ್‌ಮೆಂಟಿನ ಅದೇ ಕಂಬದ ಪಕ್ಕ, ಅದೇ ಸಮನೆಲದಲ್ಲಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಪ್ರತಿ ಸಲವೂ ನೋಡಿದೆ. 1000 ಕಿಲೋಮೀಟರಿಗೆ ಮೇಲಿನ ಗುರುತು ಮುಟ್ಟಿಸಲು 720 ಗ್ರಾಂ ಬೇಕಾಯಿತು. ಲೀಟರಿಗೆ ಸುಮಾರು 850 ಗ್ರಾಂ ತೂಕವೆಂದು ಹಿಡಿದರೆ 850 ಮಿಲಿಲೀಟರ್ ಹತ್ತಿರ ಆಗುತ್ತದೆ.

ಕಂಪ್ರೆಷನ್ ಬೆಂಗಳೂರಿನಲ್ಲಿ 10.4, 10.6, 9.8, 10.5 ಬಾರ್ ಬಂದಿತು. ಪ್ಲಗ್‌ಗಳಲ್ಲಿ ಮೂರನೆಯದು ಮಾತ್ರ ಎಳೆಯಲ್ಲೆಲ್ಲ ಒದ್ದೆಯಾಗಿ, ತುದಿಯಲ್ಲಿ ಹರಳುಗಟ್ಟಿದ ಕಪ್ಪು ಕಿಟ್ಟವಿತ್ತು. ಉಳಿದವು ತುಸು ಮಸಿಯಾಗಿದ್ದವು. ಕಾಯಿಲ್ ಬದಲಿಸಿದರೆ ಕೋಡ್ ಮೂರರಲ್ಲೇ ಉಳಿಯಿತು, ಪ್ಲಗ್ ಬದಲಿಸಿದರೆ ಪ್ಲಗ್ ಜೊತೆಗೆ ಹೋಯಿತು. ಈಗ ನಾಲ್ಕೂ ಹೊಸದು.

ಸ್ಮೋಕ್ ಟೆಸ್ಟ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. ಹೊಗೆ ತುಂಬಿದ ಅರ್ಧ ನಿಮಿಷದಲ್ಲೇ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನಿಂದ ಅಗರಬತ್ತಿಯ ಹೊಗೆಯಂತೆ ಒಂದು ಎಳೆ ಮೇಲೆದ್ದಿತು. ಬಿಚ್ಚಿದಾಗ ಸಿಕ್ಕಿದ್ದು ಮೊಣಕೈಯಾಕಾರದ ಒಂದು ರಬ್ಬರ್ ಪೈಪು. ಹೊರಗಿನಿಂದ ಸರಿಯಾಗಿಯೇ ಕಾಣುತ್ತಿತ್ತು. ಕೈಯಲ್ಲಿ ಹಿಡಿದರೆ ನೆನೆದ ಚರ್ಮದಂತೆ ಮೆತ್ತಗಾಗಿತ್ತು. ಬಗ್ಗಿಸಿದಾಗ ಒಳಬಾಗಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಸೀಳು ತೆರೆದುಕೊಂಡಿತು. ಚೆಕ್ ವಾಲ್ವ್ ಎರಡೂ ದಿಕ್ಕಿಗೆ ಗಾಳಿ ಬಿಡುತ್ತಿತ್ತು. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಸಿಗದ ತುಂಡುಗಳನ್ನು ತರಿಸಿಕೊಂಡು, ಬ್ರೀದರ್‌ನ ಎಲ್ಲ ಪೈಪು, ವಾಲ್ವ್, ಕ್ಲಿಪ್‌ಗಳನ್ನು ಹೊಸದು ಮಾಡಿಸಿದೆ. ಸಂಪ್ ಇಳಿಸಿದಾಗ ಪಿಕಪ್ ಜಾಲರಿಯ ಮೂರನೇ ಒಂದು ಭಾಗ ಮುಚ್ಚಿತ್ತು, ಅದನ್ನೂ ಬದಲಿಸಿದರು. 5ಡಬ್ಲ್ಯು-40 ಹಾಕಿದೆವು. ಟರ್ಬೊ ದಂಡದಲ್ಲಿ ಹಿಂದೆ ಮುಂದೆ ಆಟವಿಲ್ಲ, ಅದನ್ನು ಮುಟ್ಟಲಿಲ್ಲ.

ಆಮೇಲೆ ಘಾಟಿಗೆ ಹೋದೆ, ಗೆಳೆಯರು ಹಿಂದಿನಿಂದ ಚಿತ್ರೀಕರಿಸಿದರು. ಮರಳುವಾಗ ಏರಿನುದ್ದಕ್ಕೂ ಒಂದಿಷ್ಟೂ ಹೊಗೆಯಿಲ್ಲ. ಇಳಿದು ಗುಂಡ್ಯದಲ್ಲಿ ಆಕ್ಸಲರೇಟರ್ ಒತ್ತಿದಾಗ ಮಾತ್ರ ನೀಲಿ ಉಂಡೆಯೊಂದು ಬಂದು ಎರಡು ಕ್ಷಣದಲ್ಲಿ ಕರಗಿತು. ಮುಂದಿನ 1000 ಕಿಲೋಮೀಟರಿಗೆ ತಕ್ಕಡಿಯಲ್ಲಿ ಬಂದದ್ದು 300 ಗ್ರಾಂ, ಅಂದರೆ 350 ಮಿಲಿಲೀಟರ್. P1136 ಮರಳಿ ಬಂದಿಲ್ಲ, ಐಡ್ಲಿಂಗ್ ನಿಂತ ನೀರಿನಂತಿದೆ.

ಹಾಗಾದರೆ ಉಳಿದದ್ದು ವಾಲ್ವ್ ಸೀಲ್ ಎಂದುಕೊಂಡಿದ್ದೇನೆ. ಅದನ್ನು ಈಗಲೇ ಮಾಡಿಸಬೇಕೇ? ಹೆಡ್ ಇಳಿಸಲೇಬೇಕೇ?

ಉತ್ತರ: ಹೆಡ್_ಕೆಲಸ_ಶಿವಮೊಗ್ಗ

ಮೂರನೇ ಸಿಲಿಂಡರಿನ ಒದ್ದೆ ಪ್ಲಗ್ಗು, ಗುಂಡ್ಯದ ಹೊಗೆ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ನನ್ನ ಅನುಮಾನವನ್ನು ಅಳೆದು ನೋಡಿದ್ದಕ್ಕೆ ಸಂತೋಷ, ಬ್ರೀದರ್ ವಿಷಯದಲ್ಲಿ ಭಟ್ಟರು ಹೇಳಿದ್ದೇ ದೊಡ್ಡ ಪಾಲು ಎಂಬುದನ್ನು ಒಪ್ಪುತ್ತೇನೆ.

ಹೆಡ್ ಇಳಿಸಬೇಕಾಗಿಲ್ಲ. ಪ್ಲಗ್ ರಂಧ್ರದಿಂದ ಸಿಲಿಂಡರಿಗೆ ಗಾಳಿಯ ಒತ್ತಡ ಕೊಟ್ಟು ವಾಲ್ವ್ ಕೆಳಗೆ ಬೀಳದಂತೆ ಹಿಡಿದು, ಸ್ಪ್ರಿಂಗ್ ತೆಗೆದು, ಸೀಲ್ ಬದಲಿಸಬಹುದು. ಆದರೆ ವಾಲ್ವ್‌ಗಳನ್ನು ತೆರೆಯುವ ಎರಡೂ ಕ್ಯಾಮ್‌ಶಾಫ್ಟ್ ಹೊರಗೆ ಬರಬೇಕು. ಅವೆರಡನ್ನೂ ಜೋಡಿಸುವ ಸಣ್ಣ ಚೈನ್ ಒಂದು ಹಿಂಬದಿಯಲ್ಲಿದೆ. ಮತ್ತೆ ಕೂರಿಸುವಾಗ ಎರಡು ಕ್ಯಾಮ್‌ಗಳ ಗುರುತುಗಳ ನಡುವೆ ಚೈನಿನ 16 ರೋಲರ್ ಇರಬೇಕು, ಒಂದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಕೆಲಸ ಮಾಡುವವರ ಪಕ್ಕದಲ್ಲಿ ನಿಂತು ನೀವೇ ಎಣಿಸಿ. ಮೂರನೆಯದರಲ್ಲಿ ಸ್ಪ್ರಿಂಗ್ ತೆಗೆದಾಗ ವಾಲ್ವ್ ದಂಡವನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿಸಿ. ಗೈಡ್ ಸವೆದು ಆಟ ಜಾಸ್ತಿಯಿದ್ದರೆ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ, ಆಗ ಹೆಡ್ ಇಳಿಸುವ ಮಾತು ಬರುತ್ತದೆ.

350 ಮಿಲಿಲೀಟರಿಗೆ ಅವಸರವೇನೂ ಇಲ್ಲ. ಆದರೆ ಕ್ಯಾಮ್‌ಶಾಫ್ಟ್ ತಿರುಗಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂದು ನೀವು ಎಲ್ಲಿಯೂ ಬರೆದಿಲ್ಲ, ನಿಮ್ಮ ದಾಖಲೆ 1,10,000ಕ್ಕೆ ನಿಂತಿದೆ ಎಂದಿರಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಬಂದು ವಾಲ್ವ್‌ಗಳನ್ನು ಬಗ್ಗಿಸಿಬಿಡುತ್ತದೆ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಮುಂದಿನ ಘಾಟಿ ಪ್ರಯಾಣಕ್ಕೆ ಮೊದಲೇ ಮಾಡಿಸಿ, ಸೀಲ್ ಕೆಲಸವನ್ನೂ ಅದರ ಜೊತೆಗೇ ಸೇರಿಸಿಕೊಳ್ಳಿ. ಮುಂಭಾಗ ಹೇಗೂ ಬಿಚ್ಚಿರುತ್ತಾರೆ, ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ.

ಪುತ್ತೂರು_ಆರ್‌ಎಸ್

ಹಿಂದಿನ ಮಾಲೀಕರಿಗೆ ಈಗಷ್ಟೇ ಕರೆ ಮಾಡಿ ಕೇಳಿದೆ. ಬೆಲ್ಟ್ ಬದಲಿಸಿದ ನೆನಪು ಅವರಿಗಿಲ್ಲ. ಕಾರನ್ನು ಕಂಬದ ಪಕ್ಕದಲ್ಲೇ ನಿಲ್ಲಿಸಿದ್ದೇನೆ, ಬೆಲ್ಟ್ ಕಿಟ್ ಮತ್ತು 20 ಸೀಲ್‌ಗಳಿಗೆ ಇಂದೇ ಹೇಳಿಟ್ಟಿದ್ದೇನೆ. ಈ ತಿಂಗಳು ಊರಿಗೆ ಬಸ್ಸಿನಲ್ಲಿ ಹೋಗುತ್ತೇನೆ.